ನಾಲ್ಕನೆಯ ಸ್ಥಾನದ ಗಣಿತಜ್ಞ

ಕರ್ನಾಟಕದ ಕ್ರೀಡಾಭಿಮಾನಿಗಳಲ್ಲಿ ಪಂಗಡಗಳು ಹಲವಿದ್ದರೂ, ವರ್ಷದ ಬಹುಪಾಲು ಸಾಧಾರಣ ಗೃಹಸ್ಥನಾಗಿ ಬಾಳಿ, ಏಪ್ರಿಲ್ ತಿಂಗಳ ಕೊನೆಯ ವಾರ ಬಂದೊಡನೆ ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಭಾಗಾಕಾರ ಮಾಡತೊಡಗುವ ಪಂಗಡವೊಂದನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕಾಗುತ್ತದೆ. ರಾಯಲ್ ಚಾಲೆಂಜರ್ಸ್ ಬೆಂಗಳೂರು, ಅಂದರೆ ಆರ್‌ಸಿಬಿ, ತಂಡದ ಈ ಬೆಂಬಲಿಗನನ್ನು ಅನುಕೂಲಕ್ಕಾಗಿ ಲೆಕ್ಕಾಚಾರದ ಅಭಿಮಾನಿ ಎಂದು ಕರೆಯಬಹುದು. ಐಪಿಎಲ್ ಪಂದ್ಯಾವಳಿಯಲ್ಲಿ 2022ರಿಂದ ಹತ್ತು ತಂಡಗಳಿದ್ದು, ಪ್ರತಿ ತಂಡ ಲೀಗ್ ಹಂತದಲ್ಲಿ 14 ಪಂದ್ಯಗಳನ್ನಾಡಿ, ಗೆದ್ದರೆ ಎರಡು ಅಂಕ, ಮಳೆಯಿಂದ ಪಂದ್ಯ ರದ್ದಾದರೆ ಒಂದು ಅಂಕ ಪಡೆಯುತ್ತದೆ. ಕೊನೆಯಲ್ಲಿ ಅಂಕಪಟ್ಟಿಯ ಮೊದಲ ನಾಲ್ಕು ತಂಡಗಳು ಮಾತ್ರ ಮುಂದಿನ ಸುತ್ತಿಗೆ ಹೋಗುತ್ತವೆ, ಆ ಸುತ್ತಿಗೆ ಪ್ಲೇಆಫ್ ಎಂದು ಹೆಸರು. ಮೊದಲ ಸ್ಥಾನದಲ್ಲಿರುವ ತಂಡದ ಅಭಿಮಾನಿಗೆ ಗಣಿತ ಬೇಕಿಲ್ಲ, ಹತ್ತನೆಯ ಸ್ಥಾನದವನಿಗೆ ಅದರಿಂದ ಪ್ರಯೋಜನವಿಲ್ಲ. ನಾಲ್ಕು ಮತ್ತು ಏಳರ ನಡುವಿನ ಇಕ್ಕಟ್ಟಿನ ಜಾಗದಲ್ಲಿಯೇ ಈತನ ಪ್ರತಿಭೆ ಅರಳುವುದು. ಆರ್‌ಸಿಬಿಯು ಹಲವು ವರ್ಷ ಅದೇ ಜಾಗದಲ್ಲಿ ನೆಲೆಸಿದ್ದರಿಂದ ಈ ಪಂಗಡ ಬೆಂಗಳೂರಿನಲ್ಲಿ ಬೆಳೆದಷ್ಟು ಸಮೃದ್ಧವಾಗಿ ದೇಶದ ಬೇರೆಲ್ಲಿಯೂ ಬೆಳೆದಂತಿಲ್ಲ.

ಈತನ ವಾರ್ಷಿಕ ಚಕ್ರಕ್ಕೆ ಮೂರು ಘಟ್ಟಗಳಿವೆ. ಯುಗಾದಿಯ ಆಸುಪಾಸಿನಲ್ಲಿ ಪಂದ್ಯಾವಳಿ ಆರಂಭವಾಗುವಾಗ "ಈ ಸಲ ಕಪ್ ನಮ್ದೆ" ಎಂಬ ಘೋಷಣೆಯಲ್ಲಿ ಈತ ಎಲ್ಲರೊಡನೆ ದನಿಗೂಡಿಸುತ್ತಾನೆ, ಆ ಹೊತ್ತಿನಲ್ಲಿ ಈತನನ್ನು ಉಳಿದ ಅಭಿಮಾನಿಗಳಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ನಾಲ್ಕೈದು ಪಂದ್ಯ ಸೋತ ಮೇಲೆ ಹರಾಜಿನಲ್ಲಿ ಯಾರನ್ನು ಬಿಟ್ಟರು, ಯಾರನ್ನು ಕೊಂಡರು, ಚಿನ್ನಸ್ವಾಮಿ ಕ್ರೀಡಾಂಗಣದ ಬೌಂಡರಿ ಏಕೆ ಅಷ್ಟು ಹತ್ತಿರ ಎಂಬ ದೂರುಗಳ ಎರಡನೆಯ ಘಟ್ಟ ಬರುತ್ತದೆ. ಇದು ಸಾರ್ವತ್ರಿಕವಾದದ್ದರಿಂದ ಇಲ್ಲಿ ವಿವರಿಸುವ ಅಗತ್ಯವಿಲ್ಲ. ಉಳಿದವರು ಬೇಸತ್ತು ಟಿವಿ ಆರಿಸುವ ಹೊತ್ತಿಗೆ ಮೂರನೆಯ ಘಟ್ಟ ಮೊದಲಾಗುತ್ತದೆ. "ಗಣಿತದ ಪ್ರಕಾರ ಇನ್ನೂ ಚಾನ್ಸ್ ಇದೆ ಗುರು" ಎಂಬ ಮಾತು ಈತನ ಬಾಯಿಂದ ಹೊರಟರೆ ಮೇ ತಿಂಗಳು ಬಂತೆಂದು ತಿಳಿಯಬಹುದು.

ಗಣಿತವೆಂದು ಈತ ಹೇಳುವುದು ಬಹುಮಟ್ಟಿಗೆ ನೆಟ್ ರನ್‌ರೇಟ್ ಎಂಬ ಒಂದೇ ಲೆಕ್ಕವನ್ನು. ಇಡೀ ಲೀಗ್‌ನಲ್ಲಿ ಒಂದು ತಂಡ ಹೊಡೆದ ಒಟ್ಟು ರನ್ನುಗಳನ್ನು ಅದು ಆಡಿದ ಓವರುಗಳಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಎದುರಾಳಿಗಳಿಗೆ ಕೊಟ್ಟ ರನ್ನುಗಳ ಸರಾಸರಿಯನ್ನು ಕಳೆದರೆ ಉಳಿಯುವುದೇ ನೆಟ್ ರನ್‌ರೇಟ್. ಎರಡು ತಂಡಗಳ ಅಂಕಗಳೂ ಗೆಲುವುಗಳೂ ಸಮವಾದಾಗ ಇದು ಹೆಚ್ಚಿರುವ ತಂಡಕ್ಕೆ ಮೇಲಿನ ಸ್ಥಾನ. ತಂಡವೊಂದು ಹದಿನೈದೇ ಓವರಿಗೆ ಆಲ್‌ಔಟಾದರೂ ಇಪ್ಪತ್ತು ಓವರ್ ಆಡಿದಂತೆಯೇ ಲೆಕ್ಕ ಹಿಡಿಯಬೇಕೆಂಬ ಉಪನಿಯಮವೂ ಉಂಟು. ಶಾಲೆಯಲ್ಲಿ ದಶಮಾಂಶವೆಂದರೆ ನಡುಗುತ್ತಿದ್ದವನು, ಆದಾಯ ತೆರಿಗೆಯ ಫಾರಮ್ಮನ್ನು ಇಂದಿಗೂ ಭಾಮೈದನಿಂದಲೇ ತುಂಬಿಸುವವನು, ಈ ಉಪನಿಯಮವನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳಬಲ್ಲ.

ಈ ವಿದ್ಯೆಯ ಪಾಠ ನಡೆಯುವುದು ಸಾಮಾನ್ಯವಾಗಿ ದರ್ಶಿನಿ ಹೋಟೆಲಿನ ಎತ್ತರದ ಮೇಜಿನ ಸುತ್ತ, ಮಧ್ಯಾಹ್ನದ ಬೈಟು ಕಾಫಿಯ ಸಮಯದಲ್ಲಿ. ಕ್ಯಾಷಿಯರ್ ಕೊಟ್ಟ ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಅಡ್ಡಗೆರೆ ಎಳೆದು, ತಂಡಗಳ ಹೆಸರಿನ ಮೊದಲಕ್ಷರ ಬರೆದು, ಚಟ್ನಿ ತಾಗಿದ ಮೂಲೆಯನ್ನು ತಪ್ಪಿಸಿಕೊಂಡು ಈತ ಬರೆಯತೊಡಗಿದರೆ ಮಗ್ಗುಲಲ್ಲಿ ದೋಸೆ ತಿನ್ನುತ್ತಿದ್ದ ಅಪರಿಚಿತನೂ ಕತ್ತು ಚಾಚುತ್ತಾನೆ. ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ, "ಸಾರ್, ನಾವು ಗೆದ್ರೆ ಸಾಕಲ್ವಾ?" ಎಂದು ಮುಗ್ಧವಾಗಿ ಕೇಳುವುದು ವಾಡಿಕೆ. "ಗೆಲ್ಲೋದು ದೊಡ್ಡದಲ್ಲಪ್ಪ, ಎಷ್ಟರಲ್ಲಿ ಗೆಲ್ತೀವಿ ಅನ್ನೋದು ನೋಡ್ಬೇಕು. 17.3 ಓವರ್ ಅಂದ್ರೆ ಹದಿನೇಳೂವರೆ ಅಂತ ತಿಳ್ಕೋ, ಹದಿನೇಳು ಪಾಯಿಂಟ್ ಮೂರು ಅಂತ ಒತ್ತಿದ್ರೆ ಕ್ಯಾಲ್ಕುಲೇಟರ್ ಮೋಸ ಮಾಡುತ್ತೆ" ಎಂದು ಈತ ತಿದ್ದುತ್ತಾನೆ. ಒಂದು ಓವರಿಗೆ ಆರು ಎಸೆತಗಳಿರುವುದರಿಂದ ಈ ತಿದ್ದುಪಡಿ ಶುದ್ಧವಾಗಿಯೇ ಇದೆ, ಮತ್ತು ಆ ಕಚೇರಿಯಲ್ಲಿ ಅಂದು ನಡೆದ ಅತ್ಯಂತ ನಿಖರವಾದ ಕೆಲಸವೂ ಬಹುಶಃ ಇದೇ ಆಗಿರುತ್ತದೆ.

ಅಂಕಗಳ ಲೆಕ್ಕ ರನ್‌ರೇಟಿಗಿಂತಲೂ ಗಹನವಾದದ್ದು. ಪ್ರತಿ ಪಂದ್ಯಕ್ಕೆ ಎರಡು ಫಲಿತಾಂಶಗಳಿರುವುದರಿಂದ, ಲೀಗ್‌ನಲ್ಲಿ ಹತ್ತು ಪಂದ್ಯಗಳು ಉಳಿದಿದ್ದರೆ ಒಟ್ಟು 1,024 ಬಗೆಯ ಅಂತ್ಯಗಳು ಸಾಧ್ಯ, ಇಪ್ಪತ್ತು ಉಳಿದಿದ್ದರೆ 10,48,576. ಮಳೆಯನ್ನು ಸೇರಿಸಿಕೊಂಡರೆ ಇನ್ನೂ ಹೆಚ್ಚು. ಪತ್ರಿಕೆಗಳ ಅಂಕಿಅಂಶ ತಜ್ಞರು ಈ ಎಲ್ಲ ಅಂತ್ಯಗಳನ್ನೂ ಎಣಿಸಿ, ಎಷ್ಟರಲ್ಲಿ ತಂಡ ಉಳಿಯುತ್ತದೆ ಎಂದು ಶೇಕಡಾವಾರು ಹೇಳುತ್ತಾರೆ. ಲೆಕ್ಕಾಚಾರದ ಅಭಿಮಾನಿಗೆ ಅಷ್ಟು ಬೇಕಿಲ್ಲ. ತಂಡ ಉಳಿಯುವ ಒಂದು ಅಂತ್ಯ ಸಿಕ್ಕರೆ ಸಾಕು, ಉಳಿದ ಹತ್ತು ಲಕ್ಷ ಚಿಲ್ಲರೆ ಅಂತ್ಯಗಳನ್ನು ಉದಾರವಾಗಿ ಕೈಬಿಟ್ಟು ಅದೊಂದನ್ನೇ ಹಿಡಿದುಕೊಳ್ಳುತ್ತಾನೆ. ಯುಗಾದಿಯ ಪಂಚಾಂಗ ಶ್ರವಣದಲ್ಲಿ ತನ್ನ ರಾಶಿಗೆ ಆದಾಯ ಎರಡು, ವ್ಯಯ ಹದಿನಾಲ್ಕು ಎಂದು ಕೇಳಿಯೂ ಪುರೋಹಿತರು ನಡುವೆ ಎಲ್ಲೋ ಹೇಳಿದ ವಾಹನಯೋಗವನ್ನಷ್ಟೇ ನೆನಪಿಟ್ಟುಕೊಂಡು ಮನೆಗೆ ಬರುವ ಯಜಮಾನನ ಮನೋಧರ್ಮವಿದು.

ಈ ಪಂಗಡದಲ್ಲಿ ಹೆಂಗಸರೂ ಸಾಕಷ್ಟಿದ್ದಾರೆ, ಆದರೆ ಅವರನ್ನು ಗುರುತಿಸುವುದು ಸುಲಭವಲ್ಲ. ಗಂಡಸರು ಮೇಜು ಬಡಿದು ಮಾಡುವ ಲೆಕ್ಕವನ್ನು ಅವರು ಮನಸ್ಸಿನಲ್ಲೇ ಮಾಡಿ ಮುಗಿಸಿ, ತಪ್ಪು ಹುಡುಕಬೇಕಾದಾಗ ಮಾತ್ರ ಬಾಯಿ ತೆರೆಯುತ್ತಾರೆ.

ಪಂಗಡದ ಮೂಲಪಾಠ 2016ರದ್ದು. ಆ ವರ್ಷ ಮೊದಲ ಏಳು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿದ್ದ ಆರ್‌ಸಿಬಿ ಉಳಿದ ಏಳರಲ್ಲಿ ಆರನ್ನು ಗೆದ್ದು ಎರಡನೆಯ ಸ್ಥಾನಕ್ಕೇರಿತು. ವಿರಾಟ್ ಕೊಹ್ಲಿ ಒಂದೇ ಆವೃತ್ತಿಯಲ್ಲಿ 973 ರನ್ ಗಳಿಸಿದರು. ಗುಜರಾತ್ ಲಯನ್ಸ್ ವಿರುದ್ಧ ಕೊಹ್ಲಿ ಮತ್ತು ಡಿವಿಲಿಯರ್ಸ್ ಒಂದೇ ಇನಿಂಗ್ಸಿನಲ್ಲಿ ಶತಕ ಹೊಡೆದು ತಂಡವನ್ನು 144 ರನ್ನುಗಳಿಂದ ಗೆಲ್ಲಿಸಿದ ದಿನ ರನ್‌ರೇಟು ಏರಿದ ಪರಿಯನ್ನು ಈತ ಇಂದಿಗೂ ಮಕ್ಕಳಿಗೆ ಹೇಳುತ್ತಾನೆ. ಫೈನಲಿನಲ್ಲಿ ತವರಿನಲ್ಲೇ ಸನ್‌ರೈಸರ್ಸ್ ಎದುರು ಎಂಟು ರನ್ನುಗಳಿಂದ ಸೋತದ್ದು ಈ ಪಾಠದ ಅಂಗವಲ್ಲ. ಮೊದಲ ಏಳರಲ್ಲಿ ಐದು ಸೋತರೂ ಬದುಕಬಹುದು ಎಂಬ ಒಂದು ಸೂತ್ರ ಸಿಕ್ಕಿದ್ದೇ ಮುಖ್ಯವಾಗಿ, ಆನಂತರದ ಪ್ರತಿ ವರ್ಷವೂ ಐದನೆಯ ಸೋಲಿನ ರಾತ್ರಿ ಆ ಸೂತ್ರವನ್ನು ಉಲ್ಲೇಖಿಸಲಾಗುತ್ತದೆ.

ಸೋತ ಸಂಜೆಯಲ್ಲಿ ಸಂಭ್ರಮಿಸುವ ವಿಚಿತ್ರ ಶಕ್ತಿ ಈತನಿಗೆ ಬಂದದ್ದು 2020ರಲ್ಲಿ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಆ ಪಂದ್ಯಾವಳಿಯಲ್ಲಿ ಮೊದಲ ಹತ್ತು ಪಂದ್ಯಗಳಿಂದಲೇ 14 ಅಂಕ ಗಳಿಸಿದ್ದ ತಂಡ ಕೊನೆಯ ನಾಲ್ಕನ್ನೂ ಸೋತಿತು. ಅಬುಧಾಬಿಯಲ್ಲಿ ನವೆಂಬರ್ 2ರಂದು ಡೆಲ್ಲಿ ವಿರುದ್ಧದ ಕೊನೆಯ ಪಂದ್ಯವನ್ನು ಸೋತರೂ, ಡೆಲ್ಲಿ ತನ್ನ 153 ರನ್ನುಗಳ ಗುರಿಯನ್ನು 17.3 ಓವರಿನೊಳಗೆ ಮುಟ್ಟದಿದ್ದರೆ ರನ್‌ರೇಟಿನಲ್ಲಿ ಕೋಲ್ಕತ್ತವನ್ನು ಹಿಂದಿಕ್ಕಿ ಆರ್‌ಸಿಬಿ ಉಳಿಯುವ ಪರಿಸ್ಥಿತಿಯಿತ್ತು. ಹದಿನೇಳೂವರೆ ಓವರ್ ಮುಗಿದ ಕ್ಷಣದಲ್ಲಿ ಪಂದ್ಯ ಇನ್ನೂ ನಡೆಯುತ್ತಿತ್ತು, ತಂಡ ಸೋಲುವುದು ಬಹುಮಟ್ಟಿಗೆ ಖಚಿತವಾಗಿತ್ತು, ಈತ ಮಾತ್ರ ಕುರ್ಚಿಯಿಂದೆದ್ದು ಕುಣಿದ. ಏನಾಯಿತೆಂದು ಒಳಗಿನಿಂದ ಓಡಿಬಂದ ಮನೆಯವರು ಟಿವಿಯಲ್ಲಿ ಎದುರಾಳಿ ಬೌಂಡರಿ ಹೊಡೆಯುವುದನ್ನು ಕಂಡು ಸುಮ್ಮನೆ ಹಿಂದಿರುಗಿದರು. ಡೆಲ್ಲಿ 19 ಓವರುಗಳಲ್ಲಿ ಗುರಿ ಮುಟ್ಟಿತು, ಗೆದ್ದವರೂ ಸೋತವರೂ ಒಟ್ಟಿಗೆ ಪ್ಲೇಆಫ್ ತಲುಪಿದರು.

ಲೆಕ್ಕಾಚಾರದ ಅತ್ಯಂತ ಗಾಢವಾದ ಪರಿಣಾಮವಾಗುವುದು ನಿಷ್ಠೆಯ ಮೇಲೆ. ವರ್ಷವಿಡೀ ಯಾವ ತಂಡದ ಹೆಸರೆತ್ತಿದರೆ ಈತನ ಮುಖ ಹುಳ್ಳಗಾಗುತ್ತಿತ್ತೋ, ಲೀಗ್‌ನ ಕೊನೆಯ ವಾರದಲ್ಲಿ ಅದೇ ತಂಡಕ್ಕೆ ಹರಕೆ ಹೊರುವ ಸಂದರ್ಭ ಬರುತ್ತದೆ. 2022ರಲ್ಲಿ ಆರ್‌ಸಿಬಿಗೆ 16 ಅಂಕಗಳಿದ್ದರೂ ರನ್‌ರೇಟು ಸೊನ್ನೆಗಿಂತ ಕೆಳಗಿದ್ದುದರಿಂದ, ಮೇ 21ರಂದು ಮುಂಬೈ ತಂಡ ಡೆಲ್ಲಿಯನ್ನು ಸೋಲಿಸುವುದೊಂದೇ ದಾರಿಯಾಗಿತ್ತು. ಮುಂಬೈ ಆ ವರ್ಷ ಪಟ್ಟಿಯ ತಳದಲ್ಲಿದ್ದ ತಂಡ. ಅದರ ಸೋಲುಗಳನ್ನು ಎರಡು ತಿಂಗಳ ಕಾಲ ಒಂದೂ ಬಿಡದೆ ಆನಂದಿಸಿದ್ದ ಈತ ಅಂದು ಸಂಜೆ ನೀಲಿ ಅಂಗಿ ಹುಡುಕಿ ತೊಟ್ಟು ಕುಳಿತ. ಟಿಮ್ ಡೇವಿಡ್ ಎದುರಿಸಿದ ಮೊದಲ ಎಸೆತದಲ್ಲೇ ಚೆಂಡು ಬ್ಯಾಟಿನ ಅಂಚಿಗೆ ತಾಗಿ ವಿಕೆಟ್ ಕೀಪರ್ ಕೈಸೇರಿದಾಗ, ಅಂಪೈರ್ ಔಟ್ ಕೊಡಲಿಲ್ಲ, ಡೆಲ್ಲಿಯ ನಾಯಕ ರಿಷಭ್ ಪಂತ್ ಮೇಲ್ಮನವಿ ಸಲ್ಲಿಸಲಿಲ್ಲ. ಬದುಕಿಕೊಂಡ ಡೇವಿಡ್ 11 ಎಸೆತಗಳಲ್ಲಿ 34 ರನ್ ಹೊಡೆದು ಪಂದ್ಯವನ್ನು ಮುಂಬೈ ಕಡೆಗೆ ತಿರುಗಿಸಿದರು. ತನ್ನ ತಂಡ ಆಡದ ಪಂದ್ಯವೊಂದನ್ನು ಗೆದ್ದ ಆ ರಾತ್ರಿಯ ಸಂತೋಷವು ಆರ್‌ಸಿಬಿ ಸ್ವತಃ ಗೆದ್ದ ಎಷ್ಟೋ ರಾತ್ರಿಗಳಿಗಿಂತ ಹೆಚ್ಚಿನದಾಗಿತ್ತೆಂದು ಈತ ಇಂದಿಗೂ ಒಪ್ಪುತ್ತಾನೆ. ಮರುವರ್ಷ ಇದೇ ಆಟವನ್ನು ಇನ್ನೊಂದು ತುದಿಯಿಂದ ನೋಡಬೇಕಾಯಿತು: ಚಿನ್ನಸ್ವಾಮಿಯಲ್ಲಿ ಕೊಹ್ಲಿಯ ಶತಕಕ್ಕೆ ಗುಜರಾತಿನ ಶುಭಮನ್ ಗಿಲ್ ಶತಕದಿಂದಲೇ ಉತ್ತರ ಕೊಟ್ಟು ಆರ್‌ಸಿಬಿಯನ್ನು ಹೊರಹಾಕಿದಾಗ, ಪ್ಲೇಆಫ್ ತಲುಪಿದ್ದು ಮುಂಬೈ. ಹಿಂದಿನ ವರ್ಷದ ಋಣ ತೀರಿತೆಂದು ಮುಂಬೈನವರು ನಕ್ಕರೆ, ಋಣಕ್ಕೂ ರನ್‌ರೇಟಿಗೂ ಸಂಬಂಧವಿಲ್ಲವೆಂದು ಈತ ತಾಂತ್ರಿಕ ಆಕ್ಷೇಪ ಎತ್ತಿದ.

ಪಂಗಡದ ಇತಿಹಾಸದಲ್ಲಿ 2024ಕ್ಕೆ ಸಮನಾದ ವರ್ಷವಿಲ್ಲ. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು ಪಟ್ಟಿಯ ಕೊನೆಯಲ್ಲಿ ಬಿದ್ದಿದ್ದ ತಂಡಕ್ಕೆ ಶೇಕಡಾ ಒಂದರಷ್ಟು ಅವಕಾಶವೆಂದು ಎಲ್ಲರೂ ಹೇಳತೊಡಗಿದರು, ಈತ ಆ ಒಂದನ್ನು ಸಾಕಷ್ಟು ದೊಡ್ಡ ಸಂಖ್ಯೆಯೆಂದೇ ಪರಿಗಣಿಸಿದ. ಸತತ ಐದು ಗೆಲುವುಗಳ ನಂತರ ಮೇ 18ರಂದು ಚೆನ್ನೈ ವಿರುದ್ಧ ಕೊನೆಯ ಲೀಗ್ ಪಂದ್ಯಕ್ಕೆ ಬಂದಾಗ ಚೆನ್ನೈಗೆ 14 ಅಂಕ, ಆರ್‌ಸಿಬಿಗೆ 12. ಬರಿಯ ಗೆಲುವು ಸಾಲದು, ಮೊದಲು ಬ್ಯಾಟ್ ಮಾಡಿದರೆ ಸುಮಾರು 18 ರನ್ನುಗಳ ಅಂತರ ಬೇಕೆಂಬುದು ಲೆಕ್ಕ. ಕೊಹ್ಲಿಯ ಅಂಗಿಯ ಸಂಖ್ಯೆ 18, ತಾರೀಕು 18, ಬೇಕಾದ ರನ್ 18. ಗಣಿತವು ಸಂಖ್ಯಾಶಾಸ್ತ್ರಕ್ಕೆ ಜಾರುವ ಗಡಿ ಎಲ್ಲಿದೆಯೆಂದು ತಿಳಿಯಲು ಅಂದಿನ ಬೆಂಗಳೂರು ಉತ್ತಮ ಪ್ರಯೋಗಶಾಲೆಯಾಗಿತ್ತು.

ಇದರ ಮೇಲೆ ಮಳೆಯ ಪ್ರಶ್ನೆ. ಆ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗಾಗಿ ಬಡಾವಣೆಗಳು ಕಾದು ಕುಳಿತಿದ್ದವು, ಒಂದು ಹದ ಮಳೆ ಬಂದರೆ ಸಾಕೆಂದು ಮಾರ್ಚ್‌ನಿಂದಲೂ ಜನ ಮುಗಿಲು ನೋಡುತ್ತಿದ್ದರು. ಪಂದ್ಯದ ದಿನ ಮಳೆಯ ಮುನ್ಸೂಚನೆ ಬಂದದ್ದೇ, ಅದೇ ಜನ ಬೇಡವೆಂದು ಬೇಡಿಕೊಂಡರು. ಏಕೆಂದರೆ ಪಂದ್ಯ ರದ್ದಾದರೆ ಇಬ್ಬರಿಗೂ ಒಂದೊಂದು ಅಂಕ ಸೇರಿ ಚೆನ್ನೈ 15, ಆರ್‌ಸಿಬಿ 13. ಲೆಕ್ಕಾಚಾರದ ಅಭಿಮಾನಿಯ ನಿಲುವು ಸಂಪಿನ ಮುಚ್ಚಳ ತೆಗೆದಿಟ್ಟುಕೊಂಡೇ ವರುಣನಿಗೆ ಕೈಮುಗಿಯುವಂಥದಾಗಿತ್ತು: ಮಳೆ ರಾತ್ರಿ ಹನ್ನೆರಡರ ಮೇಲೆ ಬರಲಿ, ಮೂರು ಗಂಟೆ ಸುರಿಯಲಿ, ಯಲಹಂಕದಲ್ಲಿ ಬೇಕಾದರೆ ಈಗಲೇ ಬರಲಿ. ಚಿನ್ನಸ್ವಾಮಿಯ ಹುಲ್ಲುಹಾಸಿನ ಕೆಳಗೆ ನೀರನ್ನು ಯಂತ್ರದಿಂದ ಹೀರಿ ಹೊರಹಾಕುವ ಸಬ್‌ಏರ್ ಎಂಬ ವ್ಯವಸ್ಥೆಯಿದೆ. ಕ್ರಿಕೆಟ್ ಪಂದ್ಯಗಳನ್ನು ಬೇಗ ಪುನರಾರಂಭಿಸಲು ನೆರವಾಗುವ ಈ ಯಂತ್ರದ ಬಗ್ಗೆ ಈತನಿಗಿರುವ ಜ್ಞಾನವು ತನ್ನ ಮನೆಯ ಚರಂಡಿಯ ಬಗ್ಗೆ ಇಲ್ಲ. ಮಳೆ ಮೂರು ಓವರಿನ ಹೊತ್ತಿಗೆ ಬಂದು, ಸ್ವಲ್ಪ ಹೊತ್ತು ಹೆದರಿಸಿ, ಹೊರಟುಹೋಯಿತು.

ಆರ್‌ಸಿಬಿ 218 ರನ್ ಮಾಡಿದ ಮೇಲೆ ಕ್ರೀಡಾಂಗಣದ ಫಲಕದಲ್ಲಿ ಒಂದು ಗುರಿಯೂ ಬಿಲ್ಲಿನ ಹಿಂಬದಿಯಲ್ಲಿ ಇನ್ನೊಂದು ಗುರಿಯೂ ಇದ್ದವು. ಚೆನ್ನೈ ಗೆಲ್ಲಲು 219 ಬೇಕು, ಸೋತೂ ಉಳಿಯಲು 201 ಸಾಕು. ಕೊನೆಯ ಓವರಿನಲ್ಲಿ ಉಳಿಯಲು 17 ರನ್ ಬೇಕಿದ್ದಾಗ, ಹಿಂದಿನ ವರ್ಷ ಗುಜರಾತ್ ಪರ ಆಡುತ್ತ ಕೊನೆಯ ಓವರಿನಲ್ಲಿ ರಿಂಕು ಸಿಂಗ್ ಅವರಿಂದ ಸತತ ಐದು ಸಿಕ್ಸರ್ ಹೊಡೆಸಿಕೊಂಡಿದ್ದ ಯಶ್ ದಯಾಳ್ ಕೈಗೆ ಚೆಂಡು ಬಂತು. ಮೊದಲ ಎಸೆತವನ್ನು ಧೋನಿ 110 ಮೀಟರ್ ಆಚೆಗೆ, ಕ್ರೀಡಾಂಗಣದ ಹೊರಗೆ ಹೊಡೆದರು, ಎರಡನೆಯದರಲ್ಲಿ ಕ್ಯಾಚಿತ್ತರು, ಉಳಿದ ನಾಲ್ಕರಲ್ಲಿ ಬಂದದ್ದು ಒಂದೇ ರನ್. ಹೊರಗೆ ಹೋದ ಚೆಂಡಿನ ಬದಲು ಒದ್ದೆಯಾಗದ ಬೇರೆ ಚೆಂಡು ಸಿಕ್ಕಿದ್ದರಿಂದಲೇ ಬೌಲರಿಗೆ ಹಿಡಿತ ಬಂತು, ಹಾಗಾಗಿ ಆ ಸಿಕ್ಸರ್ ವಾಸ್ತವವಾಗಿ ಆರ್‌ಸಿಬಿಯ ಪರವಾಗಿ ಹೊಡೆದದ್ದು ಎಂಬ ವಾದವನ್ನು ಈತ ಆ ರಾತ್ರಿಯೇ ಮಂಡಿಸಿದ. ಇಲ್ಲಿ ಬೇರೊಂದು ಹಳೆಯ ಬಾಕಿಯೂ ತೀರಿತ್ತು: 2012ರಲ್ಲಿ ಹೈದರಾಬಾದಿನಲ್ಲಿ ಡೆಕ್ಕನ್ ಚಾರ್ಜರ್ಸ್ ವಿರುದ್ಧ 133ರ ಗುರಿ ಮುಟ್ಟಲಾಗದೆ ಒಂಬತ್ತು ರನ್ನುಗಳಿಂದ ಸೋತು ಆರ್‌ಸಿಬಿ ಹೊರಬಿದ್ದಾಗ, ಆ ಜಾಗದಲ್ಲಿ ಕುಳಿತದ್ದು ಇದೇ ಚೆನ್ನೈ. ಚೆನ್ನೈಯನ್ನು ಸೋಲಿಸಿದ ನಾಲ್ಕು ದಿನಗಳ ಬಳಿಕ ಅಹಮದಾಬಾದಿನ ಎಲಿಮಿನೇಟರ್‌ನಲ್ಲಿ, ಅಂದರೆ ಮೂರನೆಯ ಮತ್ತು ನಾಲ್ಕನೆಯ ಸ್ಥಾನದವರು ಆಡುವ, ಸೋತವರು ಮನೆಗೆ ಹೋಗುವ ಪಂದ್ಯದಲ್ಲಿ, ರಾಜಸ್ಥಾನದೆದುರು ತಂಡ ಸೋತಿತು. ಈತನಿಗೆ ಅಂಥ ದುಃಖವೇನೂ ಆದಂತೆ ಕಾಣಲಿಲ್ಲ, ಲೆಕ್ಕದ ಭಾಗ ಆಗಲೇ ಮುಗಿದಿತ್ತು.

ಇದೇ ಕಾರಣಕ್ಕೆ ನೇರವಾದ ಯಶಸ್ಸು ಈತನನ್ನು ಸ್ವಲ್ಪ ತಬ್ಬಿಬ್ಬುಗೊಳಿಸುತ್ತದೆ. 2024ರ ಮಾರ್ಚಿನಲ್ಲಿ ಮಹಿಳೆಯರ ತಂಡವು ಐದು ತಂಡಗಳ ಲೀಗ್‌ನಲ್ಲಿ ಮೂರನೆಯದಾಗಿ ಪ್ಲೇಆಫ್ ಸೇರಿ, ಎಲಿಮಿನೇಟರ್‌ನಲ್ಲಿ ಮುಂಬೈಯನ್ನು ಐದು ರನ್ನುಗಳಿಂದ ದಾಟಿ, ಡೆಲ್ಲಿಯನ್ನು ಫೈನಲಿನಲ್ಲಿ ಸೋಲಿಸಿ ಕಪ್ ತಂದಾಗ, ಹದಿನಾರು ವರ್ಷ ಗಂಡಸರಿಗಾಗಿ ಸಿದ್ಧಪಡಿಸಿದ್ದ ಆನಂದವನ್ನು ಈತ ತಡಬಡಿಸಿ ಹೊರತೆಗೆಯಬೇಕಾಯಿತು. 2025ರಲ್ಲಿಯಂತೂ ಗಂಡಸರ ತಂಡ ಆರಂಭದಿಂದಲೇ ಗೆಲ್ಲುತ್ತ ಹೋಗಿ, ಮೇ ತಿಂಗಳಲ್ಲಿ ಈತನಿಗೆ ಮಾಡಲು ಕೆಲಸವೇ ಇಲ್ಲದಂತಾಯಿತು. ಬಿಲ್ಲಿನ ಹಿಂಬದಿ ಖಾಲಿ ಉಳಿಯಿತು. ನಿರುದ್ಯೋಗದಿಂದ ಈತನನ್ನು ಪಾರುಮಾಡಿದ್ದು ಮೊದಲೆರಡು ಸ್ಥಾನಗಳ ಪ್ರಶ್ನೆ: ಆ ಸ್ಥಾನಗಳಲ್ಲಿರುವವರಿಗೆ ಫೈನಲ್ ತಲುಪಲು ಎರಡು ಅವಕಾಶಗಳು ಸಿಗುತ್ತವೆ, ಕೆಳಗಿನವರಿಗೆ ಒಂದು ಸೋಲೇ ಕೊನೆ. ಲಖನೌದಲ್ಲಿ ಮೇ 27ರಂದು 228 ರನ್ನುಗಳ ಗುರಿ ಎದುರಾಗಿ ಜಿತೇಶ್ ಶರ್ಮಾ 33 ಎಸೆತಗಳಲ್ಲಿ ಅಜೇಯ 85 ಹೊಡೆಯುವವರೆಗೆ ಈತನಿಗೆ ಹಳೆಯ ಸಂಕಟ ಮರಳಿ ದೊರೆಯಿತು. ಜೂನ್ 3ರಂದು ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಕಪ್ ಕೊನೆಗೂ ಬಂತು, ಅದೂ ಐಪಿಎಲ್‌ನ 18ನೆಯ ಆವೃತ್ತಿಯಲ್ಲಿ. ಮರುದಿನ ಚಿನ್ನಸ್ವಾಮಿಯ ಹೊರಗಿನ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡದ್ದು ಈ ಬಗೆಯ ಬರಹದ ವ್ಯಾಪ್ತಿಗೆ ಸೇರುವ ವಿಷಯವಲ್ಲ, ಆದರೆ ಕಪ್ ಕುರಿತು ಮಾತಾಡುವಾಗ ಅದನ್ನು ಹೇಳದೆ ಮುಂದೆ ಹೋಗುವುದೂ ಸರಿಯಲ್ಲ.

ಕ್ರಿಕೆಟ್ ಇಲ್ಲದ ತಿಂಗಳುಗಳಲ್ಲಿ ಈ ಪಂಗಡದ ಕೆಲವರು ಕಬ್ಬನ್ ಪಾರ್ಕಿನ ಇನ್ನೊಂದು ಮಗ್ಗುಲಿನ ಕಂಠೀರವ ಕ್ರೀಡಾಂಗಣಕ್ಕೆ, ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ನೋಡಲು, ವಲಸೆ ಹೋಗುತ್ತಾರೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮೊದಲ ಆರು ತಂಡಗಳಿಗೆ ಪ್ಲೇಆಫ್ ಬಾಗಿಲು ತೆರೆದಿಟ್ಟ 2022–23ರಲ್ಲಿ ಬೆಂಗಳೂರು ಕೊನೆಯ ಎಂಟು ಲೀಗ್ ಪಂದ್ಯಗಳನ್ನೂ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಬಂದು, ಫೈನಲಿನಲ್ಲಿ ಪೆನಾಲ್ಟಿಗಳಲ್ಲಿ ಸೋತದ್ದರಿಂದ, ಈ ತಂಡವೂ ತಮ್ಮ ಜಾಯಮಾನದ್ದೇ ಎಂದು ಅವರಿಗೆ ಮನವರಿಕೆಯಾಯಿತು. ಆದರೆ ಇಲ್ಲಿ ಅಂಕಗಳು ಸಮವಾದಾಗ ಮೊದಲು ನೋಡುವುದು ಆ ಎರಡು ತಂಡಗಳ ಪರಸ್ಪರ ಪಂದ್ಯಗಳ ಫಲಿತಾಂಶವನ್ನು, ಒಟ್ಟು ಗೋಲುಗಳ ವ್ಯತ್ಯಾಸ ಆಮೇಲಿನ ಮಾತು. ಹಾಗಾಗಿ ಡಿಸೆಂಬರಿನಲ್ಲಿ ಎಲ್ಲರೂ ಮರೆತ ಡ್ರಾ ಒಂದು ಫೆಬ್ರವರಿಯಲ್ಲಿ ಎದ್ದು ಬರಬಹುದು. ಕ್ರಿಕೆಟಿನಿಂದ ಬಂದವನು ಮೊದಲ ದಿನ ಈ ನಿಯಮವನ್ನು ಕೇಳಿ, ಒಂದು ದಶಮಾಂಶವೂ ಇಲ್ಲದ್ದು ಎಂಥ ಲೆಕ್ಕವೆಂದು ಗೊಣಗಿ, ಅರ್ಧವಿರಾಮದ ಹೊತ್ತಿಗೆ ಮುಂದಿನ ಸಾಲಿನ ನೀಲಿ ಅಂಗಿಯವನ ಭುಜ ತಟ್ಟಿ, "ಬಾಸ್, ಹೋದ ತಿಂಗಳು ಗೋವಾದಲ್ಲಿ ಎಷ್ಟಕ್ಕೆಷ್ಟು ಆಗಿತ್ತು? ಪೆನ್ ಇದ್ರೆ ಕೊಡ್ರಿ ಒಂದ್ ನಿಮಿಷ" ಎನ್ನುತ್ತಾನೆ.